ಊರಿನಲ್ಲಿ 240 ಮನೆ, ಪಕ್ಕದಲ್ಲಿ 900 ಫ್ಲಾಟು: ತಕರಾರು ಅರ್ಜಿಯಲ್ಲಿ ಏನು ಬರೆದರೆ ನಿಲ್ಲುತ್ತೆ?

ಹೊಲದಂಚು

ದೇವನಹಳ್ಳಿ ತಾಲ್ಲೂಕಿನ ಸಣ್ಣ ಊರು, 240 ಮನೆ. ಮೂಡಲಿಗೆ ಹತ್ತು ಎಕರೆಯ ಕೆರೆ. ಊರಿಗೂ ಕೆರೆಗೂ ನಡುವಿನ 22 ಎಕರೆಯಲ್ಲಿ 14 ಅಂತಸ್ತಿನ ಆರು ಟವರ್ ಕಟ್ಟುವ ಯೋಜನೆ ಬಂದಿದೆ, ಒಟ್ಟು 900 ಫ್ಲಾಟ್. ಇದರಲ್ಲಿ 16 ಎಕರೆ ಮಾಸ್ಟರ್ ಪ್ಲಾನ್‌ನಲ್ಲಿ ಯೆಲ್ಲೋ ಜೋನ್ (ವಸತಿಗೆ ಅಂತ ಹಳದಿ ಬಣ್ಣ ಹಾಕಿದ ಜಾಗ), ಉಳಿದ 6 ಎಕರೆ ಕೃಷಿ ವಲಯ. ಆ 6 ಎಕರೆಯನ್ನು ವಸತಿಗೆ ಬದಲಾಯಿಸುವ ಬಗ್ಗೆ ಯೋಜನಾ ಪ್ರಾಧಿಕಾರದ ಪ್ರಕಟಣೆ ನಾಲ್ಕು ದಿನದ ಹಿಂದೆ ಪೇಪರಿನಲ್ಲಿ ಬಂತು. ಆಕ್ಷೇಪಣೆಗೆ 15 ದಿನ.

ಊರವರು ಸೇರಿ ಒಂದು ಅರ್ಜಿ ಬರೆದಿದ್ದಾರೆ: ಹಳ್ಳಿಯ ವಾತಾವರಣ ಕೆಡುತ್ತೆ, ಹೊರಗಿನವರು ಬರುತ್ತಾರೆ, ಬೋರ್‌ವೆಲ್ ಬತ್ತುತ್ತೆ, ರಸ್ತೆ ಸಾಲೋದಿಲ್ಲ (ಈಗಿರೋದು 12 ಅಡಿ ಡಾಂಬರು), ಕೆರೆಗೆ ಕೊಳಚೆ ಸೇರುತ್ತೆ, ಕೃಷಿಕರಲ್ಲದವರು ಜಮೀನು ಕೊಂಡಿದ್ದಾರೆ. ಎಲ್ಲರೂ ಸಹಿ ಹಾಕಿ ಡಿಸಿಗೆ ಕೊಡೋದು ಅಂತ ಮಾತು.

ಕೇಳಬೇಕಾದ್ದು ಮೂರು. ಇದರಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು? ಗ್ರಾಮಸಭೆಯಲ್ಲಿ ವಿರುದ್ಧ ಠರಾವು ಮಾಡಿದರೆ ಯೋಜನೆ ನಿಲ್ಲುತ್ತಾ? ಇಷ್ಟು ದೊಡ್ಡ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ಇರಲೇಬೇಕಲ್ಲ, ಅದು ಯಾವಾಗ?

ಪಡಸಾಲೆ

ಕೊನೆಯದಕ್ಕೆ ಮೊದಲು ಉತ್ತರ, ಯಾಕಂದ್ರೆ ಎಷ್ಟೋ ಊರವರು ಅದನ್ನೇ ಕಾಯ್ತಾ ಕೂತು ಮೋಸಹೋಗುತ್ತಾರೆ: ಅಹವಾಲು ಸಭೆ ಇರೋದಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಆಘಾತ ಅಧಿಸೂಚನೆಯಲ್ಲಿ ಕಟ್ಟಡ ಯೋಜನೆಗಳು 8(ಎ), ಟೌನ್‌ಶಿಪ್‌ಗಳು 8(ಬಿ). ಗಣಿಗೆ, ಕಾರ್ಖಾನೆಗೆ ನಡೆಯುವ ಹಾಗೆ ಇವಕ್ಕೆ ಊರಿನಲ್ಲಿ ಶಾಮಿಯಾನ ಹಾಕಿ ಅಹವಾಲು ಕೇಳುವುದರಿಂದ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಮಾತನ್ನು ಕಾನೂನಿನ ಪ್ರಕಾರ ಕೇಳಲೇಬೇಕಾದ ಬಾಗಿಲು ಸದ್ಯಕ್ಕೆ ಒಂದೇ, ಪೇಪರಿನಲ್ಲಿ ಬಂದ ಆ ಪ್ರಕಟಣೆ.

ಅದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನ ಪ್ರಕಟಣೆ. ಮಾಸ್ಟರ್ ಪ್ಲಾನ್‌ನಲ್ಲಿ ಒಂದು ಬಣ್ಣ ಹಾಕಿದ ಜಮೀನನ್ನು ಇನ್ನೊಂದಕ್ಕೆ ಬದಲಾಯಿಸಲು ಪ್ರಾಧಿಕಾರಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪೇಪರಿನಲ್ಲಿ ಹಾಕಿ ಆಕ್ಷೇಪಣೆ ಕರೆಯಬೇಕು. ಆಕ್ಷೇಪಣೆ ಹೋಗಬೇಕಾದ್ದು ಪ್ರಾಧಿಕಾರದ ಕಚೇರಿಗೆ. ಡಿಸಿಗೆ ಕೊಟ್ಟರೆ ಅದು ಅಲ್ಲಿಂದ 'ಸೂಕ್ತ ಕ್ರಮಕ್ಕಾಗಿ' ಅಂತ ಷರಾ ಬರೆಸಿಕೊಂಡು ಪ್ರಾಧಿಕಾರ ತಲುಪುವಷ್ಟರಲ್ಲಿ 15 ದಿನ ಕಳೆದಿರುತ್ತೆ. ಡಿಸಿಗೆ, ತಹಶೀಲ್ದಾರರಿಗೆ, ನಗರಾಭಿವೃದ್ಧಿ ಇಲಾಖೆಗೆ ಪ್ರತಿ ಕಳಿಸಿ, ಮೂಲ ಮಾತ್ರ ಪ್ರಾಧಿಕಾರಕ್ಕೆ.

ಒಂದು ಪ್ರಶ್ನೆ: ಆ 6 ಎಕರೆ ಜಾಗದಲ್ಲಿ ಏನು ಬರುತ್ತೆ? ಟವರ್ರೋ, ಪಾರ್ಕೋ, ರಸ್ತೆಯೋ? ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ.

ಸರಪಳಿ33

ಅರ್ಜಿ ಬರೆಯೋಕೆ ಮುಂಚೆ ಎರಡು ದಿನ ದಾಖಲೆಗೆ ಇಡಿ. ಗ್ರಾಮ ನಕಾಶೆ ಭೂದಾಖಲೆ ಇಲಾಖೆಯ ಜಾಲತಾಣದಲ್ಲೇ ಸಿಗುತ್ತೆ. 22 ಎಕರೆಯೊಳಗಿನ ಪ್ರತಿ ಸರ್ವೆ ನಂಬರಿನ ಪಹಣಿ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ) ನಕಲು ತೆಗೆಸಿ.

ಪಹಣಿಯ 3ನೇ ಕಾಲಂ ನೋಡಿ. ಒಟ್ಟು ವಿಸ್ತೀರ್ಣ, ಅದರ ಕೆಳಗೆ ಫೂಟ್ ಖರಾಬ್ ಎ, ಫೂಟ್ ಖರಾಬ್ ಬಿ, ಆಮೇಲೆ ಉಳಿದದ್ದು. ಎ ಖರಾಬ್ ಅಂದರೆ ಬಂಡೆ, ದಿಬ್ಬ ಇಂಥ ಉಳಲಾಗದ ಜಾಗ, ಜಮೀನಿನವರದ್ದೇ. ಬಿ ಖರಾಬ್ ಅಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನ, ಸರ್ಕಾರದ್ದು. ಊರಿಗೂ ಕೆರೆಗೂ ನಡುವಿನ ಜಮೀನು ಅಂದಮೇಲೆ ಅಲ್ಲಿ ಒಂದು ಹಳ್ಳ, ಒಂದು ಬಂಡಿದಾರಿ ಇಲ್ಲದೆ ಇರೋದು ಅಪರೂಪ. ಪಹಣಿಯಲ್ಲಿ ಬಿ ಖರಾಬ್ ಸೊನ್ನೆ ಇದ್ದು ಆಕಾರ್‌ಬಂದ್‌ನಲ್ಲಿ ಇದ್ದರೆ ಆಕಾರ್‌ಬಂದ್ ಹಿಡಿಯಿರಿ. ಅಳತೆಗೆ ಅದೇ ಮೂಲ.

ಸ್ಕೇಲ್ ಪಟ್ಟಿಯಲ್ಲೇ ಅಂದಾಜು ಸಿಗುತ್ತೆ. ಹಳೇ ಗ್ರಾಮ ನಕಾಶೆ ಮೈಲಿಗೆ 8 ಇಂಚಿನ ಅಳತೆಯದು, ಅಂದರೆ ಕಾಗದದ ಮೇಲೆ ಒಂದು ಇಂಚು ನೆಲದ ಮೇಲೆ 660 ಅಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. ಹಾಗಾಗಿ ನಕಾಶೆಯಲ್ಲಿ ಒಂದು ಇಂಚು ಓಡಿದ ಹಳ್ಳ 33 ಅಡಿ ಅಗಲ ಇದ್ದರೆ 20 ಗುಂಟೆ, ಅರ್ಧ ಎಕರೆ. ಅಷ್ಟನ್ನೂ ಸೇರಿಸಿ '22 ಎಕರೆ' ಅಂತ ಎಣಿಸಿದ್ದರೆ ಸರ್ಕಾರದ ಜಾಗದ ಮೇಲೂ ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಅನುಪಾತ) ಲೆಕ್ಕ ಹಾಕಿ ಫ್ಲಾಟು ಕೇಳಿದ ಹಾಗೆ ಆಯ್ತು. (ನಕಾಶೆಯ ಝೆರಾಕ್ಸ್ ಮೇಲೆ ಅಳೆಯಬೇಡಿ, ಪ್ರಿಂಟ್ ಹಾಕುವಾಗ ಕುಗ್ಗಿರುತ್ತೆ. ಮೂಲೆಯ ಸ್ಕೇಲ್ ಗೆರೆಗೆ ತಾಳೆ ನೋಡಿಕೊಂಡು ಅಳೆಯಿರಿ.)

ದಿಶಾಂಕ್ ಆ್ಯಪ್ ಸರ್ವೆ ನಂಬರ್ ಗುರುತಿಸೋಕೆ ಚೆನ್ನ, ಸಾಕ್ಷಿಗಲ್ಲ. ಗೆರೆ ಹತ್ತಾರು ಅಡಿ ಅತ್ತಿತ್ತ ಕೂರುತ್ತೆ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿ 'ಒತ್ತುವರಿ' ಅಂದರೆ ಎದುರಿನವರು ಅದನ್ನೇ ಹಿಡಿದು ಇಡೀ ಅರ್ಜಿಯನ್ನು ಹಗುರ ಮಾಡ್ತಾರೆ. ಬಿ ಖರಾಬ್ ಅಳೆದು ಗಡಿ ಗುರುತು ಮಾಡಿಸಿ ಅಂತ ತಹಶೀಲ್ದಾರರಿಗೆ ಬೇರೆ ಅರ್ಜಿ ಕೊಡಿ, ಅದರ ಸ್ವೀಕೃತಿಯ ನಕಲನ್ನು ಆಕ್ಷೇಪಣೆಗೆ ಲಗತ್ತಿಸಿ. ಅಳತೆ 15 ದಿನದಲ್ಲಿ ಆಗೋಲ್ಲ, ಆದರೆ 'ಖರಾಬ್ ಗಡಿಯೇ ಗೊತ್ತಾಗದೆ ಬಣ್ಣ ಬದಲಾಯಿಸಬಾರದು' ಅನ್ನೋ ಮಾತಿಗೆ ಕಾಗದದ ಬೆಂಬಲ ಸಿಗುತ್ತೆ.

ದಾರಿ ವಿಚಾರವೂ ಇದೆ. ನಕಾಶೆ ಕಂಡ ದಾರಿಯನ್ನು ಕಾಂಪೌಂಡ್ ಹಾಕಿ ಮುಚ್ಚುವ ಹಾಗಿಲ್ಲ. ಅದರ ಮೇಲಿನ ಸಾರ್ವಜನಿಕ ಹಕ್ಕು ತೆಗೆಯಬೇಕಾದರೆ ಭೂಕಂದಾಯ ಕಾಯ್ದೆ 1964ರ 68ನೇ ಕಲಮಿನಡಿ ಪ್ರಕಟಣೆ, ಆಕ್ಷೇಪಣೆ, ವಿಚಾರಣೆ ಎಲ್ಲ ಆಗಬೇಕು. ನಕಾಶೆಯಲ್ಲಿ ಇಲ್ಲದ, ರೂಢಿಯಲ್ಲಿ ಓಡಾಡುವ ದಾರಿಯಾದರೆ ಹಾದಿ ಬೇರೆ, ಅದಕ್ಕೆ ಸಿವಿಲ್ ಕೋರ್ಟು. ಇವೆರಡನ್ನು ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಕೊನೆಗೆ, ಮ್ಯುಟೇಶನ್ (ಖಾತೆ ಬದಲಾವಣೆ ದಾಖಲೆ) ಹಿಂದಕ್ಕೆ ಹಿಂದಕ್ಕೆ ಓದಿ. ಯಾವುದಾದರೂ ತುಂಡು ಪರಿಶಿಷ್ಟ ಜಾತಿ, ಪಂಗಡದವರಿಗೆ ದರಖಾಸ್ತಿನಲ್ಲಿ ಮಂಜೂರಾದದ್ದಾಗಿದ್ದು ಸರ್ಕಾರದ ಅನುಮತಿ ಇಲ್ಲದೆ ಕೈಬದಲಾಗಿದ್ದರೆ ಇಂಥ ಜಮೀನು ಪರಭಾರೆ ಆಗೋದನ್ನು ತಡೆಯುವ ಪಿಟಿಸಿಎಲ್ ಕಾಯ್ದೆ 1978 ಅಡ್ಡ ಬರುತ್ತೆ. ಆದರೆ ಆ ಹಕ್ಕು ಮಂಜೂರಾತಿದಾರರದ್ದು ಅಥವಾ ಅವರ ವಾರಸುದಾರರದ್ದು. ಅವರನ್ನು ಕೇಳದೆ ನೀವು ಅದನ್ನು ಆಯುಧ ಮಾಡಿಕೊಳ್ಳೋದು ಸರಿಯಲ್ಲ.

ತೂಬು

'ಬೋರ್‌ವೆಲ್ ಬತ್ತುತ್ತೆ, ಕೆರೆಗೆ ಕೊಳಚೆ ಸೇರುತ್ತೆ' ಅಂತ ಬರೆದರೆ 'ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಹಾಕ್ತೀವಿ, ಮಳೆಕೊಯ್ಲು ಮಾಡ್ತೀವಿ' ಅಂತ ಒಂದು ಸಾಲಿನ ಉತ್ತರ ಬರುತ್ತೆ. ಲೆಕ್ಕ ಇಡಿ. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಗುತ್ತೆ. ಅವರ ಸಲಹೆಗಾರರು ಬಳಸುವ ಅಳತೆಯನ್ನೇ ಬಳಸಿ, ಫ್ಲಾಟಿಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್. ಇದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಂಕಿ.

900 × 5 = 4,500 ಜನ. × 135 = 6,07,500 ಲೀಟರ್. ಇದರಲ್ಲಿ ತಲೆಗೆ 45 ಲೀಟರ್ ಫ್ಲಶ್‌ಗೆ ಅಂತ ಕಳೆದು ಅದನ್ನು ಶುದ್ಧೀಕರಿಸಿದ ನೀರಿನಲ್ಲಿ ತೂಗಿಸ್ತೀವಿ ಅಂದುಕೊಂಡರೂ ಹೊಸ ನೀರು ತಲೆಗೆ 90 ಲೀಟರ್, ಒಟ್ಟು 4,05,000 ಲೀಟರ್ ದಿನಾ ಬೇಕು. ಕಾವೇರಿ ಪೈಪು ಊರಿನ ಹತ್ತಿರ ಇಲ್ಲದಿದ್ದರೆ ಇದು ಬರೋದು ಎರಡೇ ಕಡೆಯಿಂದ. ಗಂಟೆಗೆ 2,000 ಲೀಟರ್ ಕೊಡುವ ಬೋರನ್ನು ಹತ್ತು ಗಂಟೆ ಓಡಿಸಿದರೆ 20,000 ಲೀಟರ್, ಹಾಗಾದರೆ 21 ಬೋರು. ಇಲ್ಲ, 12,000 ಲೀಟರಿನ ಟ್ಯಾಂಕರ್ ದಿನಕ್ಕೆ 34. ಒಂದೊಂದರದ್ದೂ ಬರೋದು ಹೋಗೋದು ಸೇರಿ ನಿಮ್ಮ 12 ಅಡಿ ರಸ್ತೆಯಲ್ಲಿ 68 ಓಡಾಟ. ಜಲ ಜೀವನ್ ಮಿಷನ್‌ನಲ್ಲಿ ಊರವರಿಗೆ ಗುರಿ ಇಟ್ಟಿರೋದು ತಲೆಗೆ 55 ಲೀಟರ್. ಇವೆರಡನ್ನು ಅಕ್ಕಪಕ್ಕ ಬರೆಯಿರಿ, ವಿವರಣೆ ಬೇಡ.

ದೇವನಹಳ್ಳಿ ತಾಲ್ಲೂಕು ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಅತಿಬಳಕೆಯದು. ಕರ್ನಾಟಕ ಅಂತರ್ಜಲ ಕಾಯ್ದೆ 2011ರ ಪ್ರಕಾರ ಅಧಿಸೂಚಿತ ತಾಲ್ಲೂಕಿನಲ್ಲಿ ಹೊಸ ಬೋರಿಗೆ ಅನುಮತಿ ಬೇಕು. 'ನೀರಿನ ಮೂಲ: ಗ್ರಾಮ ಪಂಚಾಯಿತಿ' ಅಂತ ಬಿಲ್ಡರ್ ಅರ್ಜಿಯಲ್ಲಿ ಬರೆದಿರೋದು ಮಾಮೂಲು. ಹಾಗಿದ್ದರೆ ಪಿಡಿಒ ಅವರಿಂದ ಲಿಖಿತವಾಗಿ ಕೇಳಿ: ದಿನಕ್ಕೆ ನಾಲ್ಕು ಲಕ್ಷ ಲೀಟರ್ ಕೊಡುವ ಶಕ್ತಿ ಪಂಚಾಯಿತಿಗೆ ಇದೆಯಾ, ಸದ್ಯ ಎಷ್ಟು ಬೋರು ಓಡ್ತಿವೆ, ಪ್ರತಿಯೊಂದರ ಇಳುವರಿ ಎಷ್ಟು.

ಈಗ ಕೆರೆ. ನನ್ನ ಮಟ್ಟಿಗೆ ನಿಮ್ಮ ಅರ್ಜಿಯ ಎದೆಗೂಡು ಇದೇ. ಬಳಸಿದ ನೀರಿನ 80 ಭಾಗ ಕೊಳಚೆ ಅಂತ ಹಿಡಿದರೆ ದಿನಕ್ಕೆ 4,86,000 ಲೀಟರ್. ಎಸ್‌ಟಿಪಿ ಸರಿಯಾಗೇ ನಡೆಯಿತು ಅಂತಿಟ್ಟುಕೊಳ್ಳಿ. ಫ್ಲಶ್‌ಗೆ ವಾಪಸ್ 2,02,500 ಲೀಟರ್ ಹೋಯ್ತು. ಗಿಡ, ಹುಲ್ಲಿಗೆ ಬೇಸಿಗೆಯಲ್ಲಿ ಹೆಚ್ಚೆಂದರೆ 80,000. ಇನ್ನೂ ಎರಡು ಲಕ್ಷ ಲೀಟರ್ ಮಿಗುತ್ತೆ. ಮಳೆಗಾಲದಲ್ಲಿ ಹುಲ್ಲಿಗೆ ನೀರು ಬೇಡ, ಆಗ 2,80,000 ಮಿಗುತ್ತೆ. ಹಳ್ಳಿಯಲ್ಲಿ ಒಳಚರಂಡಿ ಇಲ್ಲ. ಎಲ್ಲಿಗೆ ಹೋಗುತ್ತೆ? ಕಾಲುವೆ ಹಿಡಿದು ಕೆರೆಗೆ. ದಿನಕ್ಕೆ ಎರಡು ಲಕ್ಷ ಅಂದರೆ ವರ್ಷಕ್ಕೆ 7.3 ಕೋಟಿ ಲೀಟರ್, ಹತ್ತು ಎಕರೆ ಅಂಗಳದ ಮೇಲೆ ಹರಡಿದರೆ ಸುಮಾರು ಆರು ಅಡಿ ಎತ್ತರ (ಆವಿ, ಇಂಗುವಿಕೆ ಬಿಟ್ಟು). ಮಳೆಯೇ ಬಾರದಿದ್ದರೂ ಕೆರೆ ತುಂಬಿರುತ್ತೆ, ಕೊಳಚೆಯಿಂದ ಬಂದ ನೀರಿನಿಂದ. ಯೋಜನೆಯ ನೀರಿನ ಲೆಕ್ಕದ ಪಟ್ಟಿಯಲ್ಲಿ 'ಹೆಚ್ಚುವರಿ ನೀರು' ಅನ್ನೋ ಸಾಲಿನ ಮುಂದೆ ಏನಿದೆ ಅಂತ ಹುಡುಕಿ. 'ಅವೆನ್ಯೂ ಗಿಡಗಳಿಗೆ', 'ಹತ್ತಿರದ ಕಟ್ಟಡ ಕೆಲಸಕ್ಕೆ' ಅಂತ ಇದ್ದರೆ ಅಲ್ಲಿಗೆ ಪೈಪು ಎಲ್ಲಿದೆ, ಯಾರು ಒಪ್ಪಿದ್ದಾರೆ ಅಂತ ಕೇಳಿ.

ಎಸ್‌ಟಿಪಿ ಹಾಳಾಗೋದು ಸಾಮಾನ್ಯವಾಗಿ ಮೊದಲ ಎರಡು ವರ್ಷದಲ್ಲಿ. ಪೂರ್ತಿ 4.86 ಲಕ್ಷಕ್ಕೆ ಒಂದೇ ಘಟಕ ಕಟ್ಟಿರುತ್ತಾರೆ, ಮನೆ ತುಂಬಿರೋದು ಕಾಲು ಭಾಗ. ಬರುವ ಕೊಳಚೆ ಸಾಲದೆ ಗಾಳಿ ತೊಟ್ಟಿಯ ಬ್ಯಾಕ್ಟೀರಿಯಾ ಹಸಿದು ಸಾಯುತ್ತವೆ, ನೀರು ಕಲಕಾಗಿಯೇ ಹೊರಬರುತ್ತೆ. ಆಮೇಲೆ ಕರೆಂಟ್ ಬಿಲ್ ನೋಡಿ ರಾತ್ರಿ ಬ್ಲೋವರ್ ಆರಿಸ್ತಾರೆ. ಬಿಒಡಿ (ನೀರಿನಲ್ಲಿ ಉಳಿದ ಕೊಳೆಯ ಅಳತೆ) ಲೀಟರಿಗೆ 10 ಮಿಲಿಗ್ರಾಂ ಒಳಗೆ ಇರಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿ ಷರತ್ತು ಹಾಕಿದರೂ ಅಳೆಯೋರು ಯಾವಾಗ ಬರ್ತಾರೆ ಅಂತ ಮುಂಚೆ ಗೊತ್ತಿರುತ್ತೆ. ಯೋಜನೆ ನಿಲ್ಲದಿದ್ದರೆ ಕೊನೇಪಕ್ಷ ಘಟಕವನ್ನು ಮೂರು ಸಮಾನ ಸಾಲುಗಳಾಗಿ ಕಟ್ಟಿ ಒಂದೊಂದೇ ಚಾಲೂ ಮಾಡಬೇಕು, ಹೊರಹೋಗುವ ಪೈಪಿಗೆ ಮೀಟರ್ ಇರಬೇಕು, ಕಾಲುವೆ ಕಡೆಗೆ ಯಾವ ಬೈಪಾಸ್ ಪೈಪೂ ಇರಬಾರದು ಅಂತ ಷರತ್ತು ಕೇಳಿ.

ಮಳೆ ನೀರಿನದ್ದೂ ಒಂದು ಲೆಕ್ಕ. 22 ಎಕರೆ ಅಂದರೆ ಹತ್ತಿರ ಹತ್ತಿರ 89,000 ಚದರ ಮೀಟರ್. ಒಂದು ಗಂಟೆಯಲ್ಲಿ 60 ಮಿಲಿಮೀಟರ್ ಹೊಡೆದರೆ ಬೀಳೋದು 5,340 ಘನ ಮೀಟರ್. ಹೊಲವಾಗಿದ್ದಾಗ ಕಾಲು ಭಾಗ ಹರಿಯುತ್ತೆ ಅಂದರೆ 1,335. ಕಾಂಕ್ರೀಟ್ ಆದಮೇಲೆ ನೂರಕ್ಕೆ 70 ಹರಿದರೆ 3,738. ಆ ಹೆಚ್ಚಿನ 2,400 ಘನ ಮೀಟರ್ ಒಂದೇ ಗಂಟೆಯಲ್ಲಿ ಅದೇ ಹಳೇ ಕಾಲುವೆಗೆ. 1.2 ಮೀಟರ್ ಅಗಲ, 3 ಮೀಟರ್ ಆಳದ ದುಂಡನೆಯ ಇಂಗುಗುಂಡಿಯೊಂದರಲ್ಲಿ ಹಿಡಿಯೋದು 3.4 ಘನ ಮೀಟರ್, ಅದೂ ಜಲ್ಲಿ ತುಂಬದೆ ಖಾಲಿ ಇದ್ದರೆ. ಅವರು 40 ಗುಂಡಿ ತೋರಿಸಿದ್ದರೆ 136 ಘನ ಮೀಟರ್. 700 ಬೇಕಾಗುತ್ತೆ.

ಎರಡನೇ ಮಹಡಿ

ಸ್ವಲ್ಪ ಕಹಿ ಮಾತು. 'ಹೊರಗಿನವರು ಬರುತ್ತಾರೆ' ಅನ್ನೋದನ್ನು ಈಗಲೇ ಹೊಡೆದುಹಾಕಿ. ಅದು ಕಾನೂನಿನಲ್ಲಿ ಆಕ್ಷೇಪಣೆಯೇ ಅಲ್ಲ, ಓದುವವರಿಗೆ ನಿಮ್ಮ ಮೇಲಿನ ಗೌರವ ಇಳಿಯುತ್ತೆ ಅಷ್ಟೇ. 'ಹಳ್ಳಿಯ ವಾತಾವರಣ' ಕೂಡ ಹಾಗೇ. ಕೃಷಿಕರಲ್ಲದವರು ಕೊಂಡರು ಅನ್ನೋದು 2020ಕ್ಕೆ ಮುಂಚೆ ಗಟ್ಟಿ ಇತ್ತು. ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಆ ವರ್ಷದ ತಿದ್ದುಪಡಿಯಲ್ಲಿ ಹೋದವು.

ಕೆರೆಯಿಂದ 75 ಮೀಟರ್ ಅಂತ ಯಾರಾದರೂ ಬರೆಸಿದ್ದರೆ ಅದನ್ನೂ ನೋಡಿಕೊಳ್ಳಿ. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹಾಕಿದ್ದ ಆ ಅಂಕಿಯನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ನಿಮ್ಮ ಪ್ರಾಧಿಕಾರದ ವಲಯ ನಿಯಮಾವಳಿಯಲ್ಲಿ ಕೆರೆಗೆ, ಕಾಲುವೆಗೆ ಎಷ್ಟು ಮೀಟರ್ ಬಿಡಬೇಕು ಅಂತ ಇದೆಯೋ ಅದನ್ನೇ ಪುಟದ ಸಮೇತ ಬರೆಯಿರಿ. ಕಾಲುವೆಗೆ ಮಧ್ಯದಿಂದ ಅಳೆಯಬೇಕೋ ದಡದಿಂದಲೋ ಅನ್ನೋದೂ ಅಲ್ಲೇ ಇರುತ್ತೆ, ಎಷ್ಟೋ ಜಗಳ ಅದೊಂದೇ ಪದದ ಮೇಲೆ.

ಗ್ರಾಮಸಭೆ ಠರಾವು ವೀಟೋ ಅಲ್ಲ. ಯೋಜನಾ ಪ್ರದೇಶದೊಳಗೆ ನಕ್ಷೆ ಮಂಜೂರು ಮಾಡೋದು ಪ್ರಾಧಿಕಾರ. ಪಂಚಾಯಿತಿಗೆ ಲೈಸೆನ್ಸ್ ಫೀಸು, ವರ್ಷಾವರ್ಷ ತೆರಿಗೆ ಬರುತ್ತೆ, ಸದಸ್ಯರೆಲ್ಲ ನಿಮ್ಮ ಕಡೆ ಇರ್ತಾರೆ ಅಂದುಕೊಳ್ಳಬೇಡಿ. ಆ 22 ಎಕರೆ ಮಾರಿದವರೂ ಊರವರೇ ಇರಬೇಕು. ಠರಾವು ಮಾಡಿ, ಆದರೆ ಅದರಿಂದ ಇನ್ನೊಂದು ಕೆಲಸ ತೆಗೆಯಿರಿ: ಬಿಲ್ಡರ್ ಫೈಲಿನಲ್ಲಿ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ ಇದ್ದೇ ಇರುತ್ತೆ. ಅದು ಸಾಮಾನ್ಯ ಸಭೆಯ ನಡವಳಿ ಪುಸ್ತಕದಲ್ಲಿ ಬರೆದ ತೀರ್ಮಾನವೋ, ಬರೀ ಲೆಟರ್‌ಹೆಡ್ ಮೇಲಿನ ಪತ್ರವೋ? ತಾರೀಖು, ವಿಷಯ ಸಂಖ್ಯೆ ತಾಳೆ ನೋಡಿ.

16 ಎಕರೆ ಹಳದಿ. ಅಲ್ಲಿ ಮನೆ ಆಗೇ ಆಗುತ್ತೆ. 'ಏನೂ ಬೇಡ' ಅಂತ ಬರೆದರೆ ಒಂದೇ ಮಾತಿನಲ್ಲಿ ತಳ್ಳಿಹಾಕ್ತಾರೆ. ಎಷ್ಟು ಎತ್ತರ, ಎಷ್ಟು ಮನೆ ಆದರೆ ಊರಿನ ನೀರು, ರಸ್ತೆ ತಡೆಯುತ್ತೆ ಅಂತ ನಿಮ್ಮಲ್ಲೇ ಒಂದು ತೀರ್ಮಾನ ಇರಲಿ.

ಹೊಲದಂಚು

ಎಲ್ಲರಿಗೂ ನಮಸ್ಕಾರ. ಪಡಸಾಲೆ ಅವರು ಕೇಳಿದ್ದಕ್ಕೆ: ಬ್ರೋಷರ್‌ನ ಚಿತ್ರದ ಪ್ರಕಾರ ಆ 6 ಎಕರೆಯಲ್ಲಿ ಕ್ಲಬ್‌ಹೌಸ್, ಒಂದು ಟವರ್, ಮತ್ತೆ ಮುಖ್ಯ ಗೇಟು. ಆ 6 ಎಕರೆ ಮಾತ್ರ ಜಿಲ್ಲಾ ರಸ್ತೆಗೆ ತಾಗಿದೆ. ಹಿಂದಿನ 16 ಎಕರೆಗೆ ಊರೊಳಗಿನ 12 ಅಡಿ ರಸ್ತೆ ಬಿಟ್ಟರೆ ಬೇರೆ ದಾರಿ ಇಲ್ಲ. ಆಕಾರ್‌ಬಂದ್‌ನಲ್ಲಿ ಹಳ್ಳ 18 ಗುಂಟೆ ಬಿ ಖರಾಬ್ ಇದೆ, ಪಹಣಿಯಲ್ಲಿ ಇಲ್ಲ. ಇನ್ನೊಂದು ಸಂಗತಿ, ಬ್ರೋಷರ್‌ನಲ್ಲಿ 'ಫೇಸ್ 1', 'ಫೇಸ್ 2' ಅಂತ ಎರಡು ಹೆಸರಿದೆ, ಕಟ್ಟುವ ಕಂಪನಿಯ ಹೆಸರೂ ಬೇರೆ ಬೇರೆ.

ಪಡಸಾಲೆ

ಹಾಗಾದರೆ ನಿಮ್ಮ ಕೈಗೆ ಬೀಗದ ಕೈ ಸಿಕ್ಕಿದೆ. 15 ಮೀಟರ್ ಮುಟ್ಟಿದ ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಹೈರೈಸ್. ಹೈರೈಸ್ ಮುಖಮಾಡಿದ ರಸ್ತೆ 12 ಮೀಟರಿಗೆ ಕಡಿಮೆ ಇರಬಾರದು, ಅದರ ಒಂದು ತುದಿ ಮತ್ತೊಂದು 12 ಮೀಟರ್ ರಸ್ತೆಗೆ ಸೇರಬೇಕು. ಕಾರಣ ಅಗ್ನಿಶಾಮಕ ಏಣಿ ವಾಹನ. ನಿಮ್ಮ 12 ಅಡಿ ಅಂದರೆ 3.66 ಮೀಟರ್. ಎರಡು ಲೇನಿನ ರಸ್ತೆಗೇ 7 ಮೀಟರ್ ಡಾಂಬರು ಬೇಕು. ಅಂದರೆ ಆ 6 ಎಕರೆ ಬಣ್ಣ ಬದಲಾಗದಿದ್ದರೆ ಹಿಂದಿನ 16 ಎಕರೆಯಲ್ಲಿ 14 ಅಂತಸ್ತು ಏಳೋದಿಲ್ಲ. ಎರಡನೇ ಮಹಡಿ ಅವರು ಹೇಳಿದ್ದು ನಿಜ, ಮನೆ ಬರುತ್ತೆ, ಆದರೆ ತಗ್ಗಾಗಿ, ಕಡಿಮೆಯಾಗಿ. ಹಾಗಾಗಿ ಆಕ್ಷೇಪಣೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ: ಈ 6 ಎಕರೆಯ ಬದಲಾವಣೆ ಆರು ಎಕರೆಯ ವಿಚಾರವಲ್ಲ, 22 ಎಕರೆಯ 900 ಫ್ಲಾಟಿಗೆ ದಾರಿ ಬಿಡಿಸುವ ವಿಚಾರ, ಆದ್ದರಿಂದ 'ಸಾರ್ವಜನಿಕ ಹಿತ' ಅನ್ನೋದನ್ನು 900 ಫ್ಲಾಟಿನ ಪರಿಣಾಮ ನೋಡಿ ತೂಗಬೇಕು. ಆಮೇಲೆ ತೂಬು ಅವರ ನೀರಿನ ಲೆಕ್ಕ, ಆಮೇಲೆ ರಸ್ತೆ, ಆಮೇಲೆ 18 ಗುಂಟೆ. ನಾಲ್ಕೇ ವಿಷಯ, ಮೂರು ಪುಟ ಮೀರದಿರಲಿ.

ಎರಡು ಹೆಸರಿನ ಫೇಸ್ ಬಗ್ಗೆ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು, 1,50,000 ಮುಟ್ಟಿದರೆ 8(ಬಿ), ಅದಕ್ಕೆ ಪೂರ್ತಿ ಪರಿಸರ ಆಘಾತ ವರದಿ ತಯಾರಿಸಬೇಕು. ಈ ವಿಸ್ತೀರ್ಣದಲ್ಲಿ ನೆಲಮಾಳಿಗೆ, ಪಾರ್ಕಿಂಗ್, ಸರ್ವಿಸ್ ಜಾಗ ಎಲ್ಲವೂ ಸೇರುತ್ತೆ. ಎಫ್‌ಎಆರ್ ಲೆಕ್ಕದ ಅಂಕಿ ತೋರಿಸಿ ಕಡಿಮೆ ಅನ್ನೋದು ಹಳೇ ಆಟ. ಅಂದಾಜು ಹಾಕಿ: ಫ್ಲಾಟಿಗೆ 1,200 ಚದರಡಿ ಅಂದರೆ 900ಕ್ಕೆ ಸುಮಾರು 1,00,000 ಚದರ ಮೀಟರ್. ಕಾರಿಗೆ ಓಡಾಟದ ಜಾಗ ಸೇರಿ 35 ಚದರ ಮೀಟರ್ ಅಂದರೆ 31,500. ಕ್ಲಬ್‌ಹೌಸ್, ಲಾಬಿ, ಮೆಟ್ಟಿಲು, ಪಂಪ್‌ರೂಮ್ ಸೇರಿಸಿದರೆ ಒಂದೂವರೆ ಲಕ್ಷದ ಅಂಚಿಗೆ ಬಂತು. ಎರಡು ಕಂಪನಿ ಹೆಸರಿನಲ್ಲಿ ಒಡೆದರೆ ಎರಡೂ 8(ಎ)ನಲ್ಲಿ ಹಗುರವಾಗಿ ದಾಟುತ್ತವೆ. ಒಂದೇ ಗೇಟು, ಒಂದೇ ಎಸ್‌ಟಿಪಿ, ಒಂದೇ ಕ್ಲಬ್‌ಹೌಸ್, ಒಂದೇ ಬ್ರೋಷರ್: ಇವು ನಾಲ್ಕು ಸಾಕ್ಷಿ, ಬ್ರೋಷರ್ ಜೋಪಾನ. ಜಾಲತಾಣದ ಪುಟವನ್ನೂ ಇವತ್ತೇ ತಾರೀಖು ಕಾಣುವ ಹಾಗೆ ಪ್ರಿಂಟ್ ತೆಗೆದಿಡಿ, ನಾಳೆ ಬದಲಾಗಬಹುದು. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆ ನೋಂದಣಿಯಾಗಿದ್ದರೆ ನಕ್ಷೆ, ಅನುಮತಿ ಪತ್ರ ಅಲ್ಲೇ ಸಿಗುತ್ತೆ. ಪರಿಸರ ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ.

ಅಹವಾಲು ಸಭೆ ಇಲ್ಲದಿದ್ದರೂ ರಾಜ್ಯ ಮಟ್ಟದ ಪರಿಣತರ ಸಮಿತಿಗೆ ಲಿಖಿತ ಮನವಿ ಕೊಡೋದಕ್ಕೆ ಯಾರೂ ತಡೆಯೋಲ್ಲ. ಸಮಿತಿಯ ಕಾರ್ಯಸೂಚಿಯಲ್ಲಿ ಯೋಜನೆ ಬಂತಾ ಅಂತ ನೋಡ್ತಾ ಇರಿ. ಪರಿಸರ ಅನುಮತಿ ಸಿಕ್ಕ ಮೇಲೆ ಬಿಲ್ಡರ್ ಎರಡು ಪೇಪರಿನಲ್ಲಿ, ಒಂದು ಸ್ಥಳೀಯ ಭಾಷೆಯದ್ದು, ಪ್ರಕಟಣೆ ಕೊಡಬೇಕು, ಪಂಚಾಯಿತಿಗೆ ಪ್ರತಿ ಹೋಗಬೇಕು, ಪಂಚಾಯಿತಿ ಅದನ್ನು 30 ದಿನ ಹಾಕಿರಬೇಕು. ಅಲ್ಲಿಂದ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿಗೆ 30 ದಿನ, ತಕ್ಕ ಕಾರಣ ಕೊಟ್ಟರೆ ಇನ್ನು 60 ದಿನ ಮಾತ್ರ, ಆಮೇಲೆ ಬಾಗಿಲು ಮುಚ್ಚಿತು. ನಮ್ಮ ಪೀಠ ಚೆನ್ನೈನಲ್ಲಿದೆ. ಈಗ ನೀವು ಕೊಡುವ ಆಕ್ಷೇಪಣೆಯ ಲೆಕ್ಕವೇ ಅಲ್ಲಿ ಬೇರು.

ಕೊಡುವ ಕ್ರಮದಲ್ಲೂ ಎಡವುತ್ತಾರೆ. ಒಂದೇ ಪ್ರಿಂಟಿನ ಮೇಲೆ 200 ಸಹಿ ಹಾಕಿದರೆ ಫೈಲಿನಲ್ಲಿ ಅದು 'ಒಂದು ಆಕ್ಷೇಪಣೆ'. ಪಕ್ಕದ ಜಮೀನಿನವರು, ಕೆರೆ ಕೆಳಗಿನ ಅಚ್ಚುಕಟ್ಟಿನವರು, ರಸ್ತೆ ಬದಿಯ ಮನೆಯವರು ತಂತಮ್ಮ ಸರ್ವೆ ನಂಬರ್, ತಮಗಾಗುವ ನಷ್ಟ ಬರೆದು ಹತ್ತು ಹನ್ನೆರಡು ಬೇರೆ ಬೇರೆ ಅರ್ಜಿ ಕೊಡಿ. ಪ್ರತಿಯೊಂದರಲ್ಲೂ ಪ್ರಕಟಣೆಯ ಸಂಖ್ಯೆ, ತಾರೀಖು, ಪೇಪರಿನ ಹೆಸರು, ಕೊನೆಗೆ 'ಖುದ್ದು ವಿಚಾರಣೆಗೆ ಅವಕಾಶ ಕೊಟ್ಟು, ಕಾರಣ ಸಹಿತ ಹಿಂಬರಹ ನೀಡಬೇಕು' ಅನ್ನೋ ಸಾಲು. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದರ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸ್ಪೀಡ್ ಪೋಸ್ಟ್ ಮಾಡ್ತೀವಿ ಅಂದರೆ ಕೊನೇ ದಿನದೊಳಗೆ ತಲುಪಬೇಕು, ಪೋಸ್ಟ್ ಮಾಡಿದ ದಿನ ಲೆಕ್ಕಕ್ಕಿಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನ, ಈ ಗಡುವಿಗೆ ಒದಗೋಲ್ಲ. ಆದರೂ ಹಾಕಿಡಿ, ಮುಂದಕ್ಕೆ ಬೇಕಾಗುತ್ತೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸದ್ಯಕ್ಕೆ ಪ್ರಾಧಿಕಾರದ ಕಚೇರಿಗೆ ಹೋಗಿ ಪ್ರಸ್ತಾವನೆಯ ಫೈಲು ತೋರಿಸಿ ಅಂತ ಲಿಖಿತವಾಗಿ ಕೇಳಿ. ತೋರಿಸದಿದ್ದರೆ 'ಫೈಲು ನೋಡಲು ಅವಕಾಶ ಕೊಡದ ಕಾರಣ ಹೆಚ್ಚುವರಿ ಆಕ್ಷೇಪಣೆಯ ಹಕ್ಕು ಕಾಯ್ದಿರಿಸಿದೆ' ಅಂತ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ.

ಸರಪಳಿ33

18 ಗುಂಟೆಗೆ ತಹಶೀಲ್ದಾರರ ಅರ್ಜಿ ನಾಳೆಯೇ ಹಾಕಿ. ಆಕಾರ್‌ಬಂದ್ ದೃಢೀಕೃತ ನಕಲೇ ಲಗತ್ತಿಸಿ, ಝೆರಾಕ್ಸ್ ಅಲ್ಲ. ಇನ್ನೊಂದು, ವಿಮಾನ ನಿಲ್ದಾಣದ ಸುತ್ತ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರದ ಅನುಮತಿ ಬೇಕು, ಬಣ್ಣದ ವಲಯ ನಕ್ಷೆಯಲ್ಲಿ ನಿಮ್ಮ ಊರು ಯಾವ ಮಟ್ಟದಲ್ಲಿದೆ ನೋಡಿ. ಅಲ್ಲಿ ಎತ್ತರ ಹೇಳೋದು ಸಮುದ್ರ ಮಟ್ಟದಿಂದ, ನೆಲದಿಂದಲ್ಲ.

ಹೊಲದಂಚು

ಹದಿನೈದನೇ ದಿನ ನಾಲ್ಕನೇ ಶನಿವಾರ ಬೀಳುತ್ತೆ. ಸೋಮವಾರ ಕೊಟ್ಟರೆ ನಡೆಯುತ್ತಾ?

ಪಡಸಾಲೆ

ವಾದ ಮಾಡಬಹುದು, ಆದರೆ ಆ ವಾದಕ್ಕೆ ಎಡೆಯೇ ಕೊಡಬೇಡಿ. ನಾಲ್ಕನೇ ಶನಿವಾರ ಟಪಾಲು ತೆಗೆದುಕೊಳ್ಳೋರು ಇರೋದಿಲ್ಲ. ಗುರುವಾರವೇ ಹೋಗಿ, ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ. ಮೊಹರು ಹಾಕಲು ಸತಾಯಿಸಿದರೆ ಶುಕ್ರವಾರ ಒಂದು ದಿನ ಕೈಯಲ್ಲಿರುತ್ತೆ.